ಬಾಯಿ ಕಟ್ಟಿದ ಶರಬತ್ತು

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವ ನಮ್ಮ ನಾಯಕ, ಒಂದು ಕೇಳಿದರೆ ಹತ್ತು ಹೇಳಿ ಜಗಳಕ್ಕೆ ನಿಲ್ಲುವ ಆಸಾಮಿ. ಅದಕ್ಕೇ ಎಲ್ಲರ ಬಾಯಲ್ಲೂ ಅವನ ಹೆಸರು 'ವಟವಟ'. ಆ ದಿನ ಊಟದ ಬಿಡುವಿನಲ್ಲಿ ಹೊರಗೆ ಬಂದವನು, ಐಸ್ ತೇಲುವ ಗುಲಾಬಿ ಶರಬತ್ತನ್ನು ಕಂಡದ್ದೇ ತಡ, ಎರಡು ಲೋಟ ಗಟಗಟ ಇಳಿಸಿಬಿಟ್ಟ. ಆಹಾ, ಅದೆಂಥ ಶರಬತ್ತು! ಉರಿಬಿಸಿಲಲ್ಲಿ ಅದನ್ನು ಮೊದಲು ಮಾಡಿದವರ ಕಾಲಿಗೆ ಬೀಳಬೇಕು.

ಕೈ ತೊಳೆಯುವಾಗ ಕನ್ನಡಿ ನೋಡಿದವನು ಬಾಯಿ ಅಗಲಿಸಿ ಇಣುಕಿದ. ನಾಲಿಗೆ, ಹಲ್ಲು ಎಲ್ಲ ಕೆಂಪೋ ಕೆಂಪು. ತಿಕ್ಕಿದಷ್ಟೂ ಹೊಳೆಯಿತು.

ಅವನಿಗೆ ಸಕ್ಕರೆ ಕಾಯಿಲೆ. ಇನ್ನೊಮ್ಮೆ ಸಿಹಿ ಮುಟ್ಟಿದರೆ ತನ್ನ ದೊಡ್ಡಪ್ಪನನ್ನು ಕರೆಸಿ ಕಾವಲಿಗೆ ಕೂರಿಸುತ್ತೇನೆಂದು ಹೆಂಡತಿ ಬೆಳಿಗ್ಗೆಯಷ್ಟೇ ಗುಡುಗಿದ್ದಳು. ದೊಡ್ಡಪ್ಪ ನಿವೃತ್ತ ವ್ಯಾಯಾಮ ಮೇಷ್ಟ್ರು. ನಸುಕಿಗೇ ಎಬ್ಬಿಸಿ ಹಾಗಲಕಾಯಿ ರಸ ಕುಡಿಸಿ, ಮಧ್ಯಾಹ್ನದವರೆಗೆ ಅದರ ಗುಣಗಾನ ಕೇಳಿಸುವ ಮಹಾನುಭಾವ. ಸಾಲದ್ದಕ್ಕೆ ಕಚೇರಿಯಲ್ಲಿ ಪಕ್ಕದ ಕುರ್ಚಿಯಲ್ಲೇ ನಾದಿನಿ. ಇವನು ಕೆಮ್ಮಿದರೂ ಅಕ್ಕನಿಗೆ ಫೋನ್ ಹೋಗುತ್ತಿತ್ತು. ಬಣ್ಣ ಹೋಗುವವರೆಗೆ ಬಾಯಿ ಬಿಡುವುದೇ ಬೇಡವೆಂದು ತುಟಿ ಬಿಗಿದು ಬಂದು ಕೂತ.

"ಈ ಸೆಕೆಗೆ ಗುಲಾಬಿ ಶರಬತ್ತು ಇರ್ಬೇಕಿತ್ತು ಭಾವ," ನಾದಿನಿ ಶುರುಮಾಡಿದಳು. "ಮೈಗೂ ತಂಪು, ಮನಸ್ಸಿಗೂ ಹಾಯಿ. ಆದ್ರೆ ಅಂಗಡೀದು ಬೇಡಪ್ಪ, ಬರೀ ಸಕ್ಕರೆ, ಬಣ್ಣ. ನಿಮಗಂತೂ ಸುತರಾಂ ಆಗಲ್ಲ. ಮನೇಲೇ ಗುಲಾಬಿ ದಳ ನೆನೆಸಿ, ಸಕ್ಕರೆ ಹಾಕದೆ ಕುಡೀಬೇಕು. ಅಲ್ವಾ?"

ವಟವಟ ತಲೆಯಾಡಿಸಿದ.

"ಏನ್ ಭಾವ, ಹುಷಾರಿಲ್ವಾ?"

ತಲೆ ಅಡ್ಡಡ್ಡ ಆಡಿತು.

ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು ಕೇಳಿದ್ದನ್ನೇ ಕೇಳತೊಡಗಿದಳು. ಬೇರೆ ದಿನವಾಗಿದ್ದರೆ ರಾದ್ಧಾಂತವೇ ಆಗುತ್ತಿತ್ತು. ಇಂದು ಅವನು ಎದ್ದು ಹೋಗಿ, ಅಜ್ಜಿಯ ಚೀಲ ಹೊತ್ತು, ಬಸ್ಸಿಗೇ ಹತ್ತಿಸಿ ಬಂದ. ಆಮೇಲೊಬ್ಬ ದಪ್ಪ ಮೀಸೆಯವನು ಬಸ್ ತಡವೆಂದು ಬಾಯಿಗೆ ಬಂದಂತೆ ಬೈದ. ವಟವಟ ಕೈಮುಗಿದು ನಿಂತ. ಮೀಸೆಯವನ ಸಿಟ್ಟೆಲ್ಲ ಜರ್ರನೆ ಇಳಿಯಿತು.

"ತಪ್ಪಾಯ್ತು ಸ್ವಾಮಿ! ಇಂಥ ಸಹನೆ ನಾ ಎಲ್ಲೂ ಕಂಡಿಲ್ಲ!"

ಬಸ್ಸೇ ಹಿಡಿಯಬೇಕಿಲ್ಲದವರೂ ಕಿಟಕಿಗೆ ಮುತ್ತಿಕೊಂಡರು. ಮ್ಯಾನೇಜರ್ ಖುದ್ದಾಗಿ ಬಂದು, "ಇವತ್ತು ಒಂದು ದೂರೂ ಇಲ್ವಲ್ಲಯ್ಯಾ!" ಎಂದು ಬೆನ್ನು ತಟ್ಟಿದರು. ಆ ಪೆಟ್ಟಿಗೆ ಬಿಕ್ಕಳಿಕೆ ಉಕ್ಕಿ ಬಂತು. ಬಾಯಿ ಬಿಟ್ಟರೆ ಕೆಟ್ಟೆ ಎಂದು ವಟವಟ ಅದನ್ನು ನುಂಗಿದ. ಕಣ್ಣಲ್ಲಿ ನೀರು ಬಂತು.

"ಹೊಗಳಿದ್ರೆ ಅಳ್ತಾರೆ ನೋಡ್ರಿ! ಎಂಥ ದೊಡ್ಡ ಮನಸ್ಸು!" ಎಂದರು ಜನ. ನಾದಿನಿಯೂ ಕಣ್ಣೊರೆಸಿಕೊಂಡು ಫೋನ್ ಎತ್ತಿಕೊಂಡಳು.

ಸಂಜೆ ಕನ್ನಡಿಯಲ್ಲಿ ನಾಲಿಗೆ ಎಂದಿನಂತಿತ್ತು. ಗೆದ್ದೆ ಎಂದು ಬೀಗುತ್ತಾ ಮನೆಗೆ ಬಂದರೆ, ಬಾಗಿಲಲ್ಲಿ ಹೆಂಡತಿಯ ಮುಖ ಅರಳಿತ್ತು.

"ರೀ, ತಂಗಿ ಎಲ್ಲಾ ಹೇಳಿದ್ಲು. ಯಾರ ಬಾಯಿಗೂ ಬಾಯಿ ಕೊಡದೆ ಎಲ್ಲರ ಮಾತೂ ಕೇಳಿದ್ರಂತೆ! ಹೆಮ್ಮೆ ತಡೀಲಾರದೆ ದೊಡ್ಡಪ್ಪಂಗೂ ಹೇಳ್ಬಿಟ್ಟೆ."

"ಅವರಿಗ್ಯಾಕೆ ಹೇಳ್ದೆ?" ಎನ್ನುವಷ್ಟರಲ್ಲಿ, ಹಸಿರು ರಸದ ಲೋಟ ಹಿಡಿದು ದೊಡ್ಡಪ್ಪನೇ ಒಳಗಿನಿಂದ ಬಂದರು.

"ಬಾರಯ್ಯಾ ಅಳಿಯ! ಇಷ್ಟು ವರ್ಷ ನನ್ನ ಮಾತು ಕೂತು ಕೇಳೋರೇ ಸಿಗ್ಲಿಲ್ಲ. ನಿನ್ನಂಥವನು ಇರೋವಾಗ ನಾನ್ಯಾಕೆ ಬೇರೆ ಕಡೆ ಇರ್ಲಿ? ಬೇಸಿಗೆ ಪೂರ್ತಿ ಇಲ್ಲೇ!"

ವಟವಟ ಬಾಯಿ ತೆರೆದ.

"ನೋಡಮ್ಮಾ," ಎಂದರು ದೊಡ್ಡಪ್ಪ, ತೆರೆದ ಬಾಯಿಗೆ ಲೋಟ ಹಿಡಿಯುತ್ತಾ, "ಈಗ್ಲೂ ಒಂದು ಎದುರು ಮಾತಿಲ್ಲ. ಬಂಗಾರದಂಥ ಮನುಷ್ಯ!"