ಏಳನೇ ಇನ್ನಿಂಗ್ಸ್‌ಗೇ ಎದ್ದು ಹೋದ ಸೆನೆಟರ್

ಆ ಜನವರಿಯಲ್ಲಿ ವೆರ್ಲಿನ್ ಹೋಕ್‌ಸ್ಟ್ರಾನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಕಾಯಿಲೆಯಿಂದಲ್ಲ, ಅನ್ಯಾಯದಿಂದ. ಹದಿನೆಂಟು ವರ್ಷ ಎಡಗೈಯಲ್ಲಿ ಚೆಂಡೆಸೆದು ಎದುರಾಳಿಗಳ ಬೆವರಿಳಿಸಿದ ಲೆಸ್ಟರ್ ಕೋಲಾರಿಕ್‌ನನ್ನು ಕ್ರೀಡಾ ವರದಿಗಾರರು ಬೇಸ್‌ಬಾಲ್ ಕೀರ್ತಿಮಂದಿರಕ್ಕೆ ಆರಿಸುವುದು ಹಾಗಿರಲಿ, ಪಟ್ಟಿಯಿಂದಲೇ ಕಿತ್ತುಹಾಕಿದ್ದರು. ನೂರಕ್ಕೆ ಐದು ಮತವಾದರೂ ಬೀಳದಿದ್ದರೆ ಮುಂದಿನ ವರ್ಷ ಹೆಸರೇ ಇರುವುದಿಲ್ಲ. ಕೋಲಾರಿಕ್‌ಗೆ ಅಷ್ಟಾಗಲು ಒಂದು ಮತ ಕಡಿಮೆ ಬಿದ್ದಿತ್ತು. ಒಂದೇ ಒಂದು!

"ಯಾಕೆ ಗೊತ್ತೇನೇ? ಆಟ ಮುಗಿದ ಮೇಲೆ ಅವನು ವರದಿಗಾರರ ಹತ್ರ ಮಾತಾಡ್ತಿರಲಿಲ್ಲ. ಅಷ್ಟಕ್ಕೇ ಈ ಹಗೆ!" ಎಂದು ವೆರ್ಲಿನ್ ಮೇಜು ಗುದ್ದಿದ.

"ಗೊತ್ತು ಮಾರಾಯ. ನಿನ್ನೆ ಕೇಳಿದ್ದೀನಿ, ಮೊನ್ನೆನೂ ಕೇಳಿದ್ದೀನಿ. ಮೊದಲು ಆ ಮೊಟ್ಟೆ ತಿನ್ನು," ಎಂದಳು ಹೆಂಡತಿ ಆರ್ಡಿತ್.

ವೆರ್ಲಿನ್ ಮೊಟ್ಟೆ ತಿನ್ನಲಿಲ್ಲ. ಊರ ಪತ್ರಿಕೆಗೆ ಕಾಗದ ಬರೆದ. 'ಯೋಗ್ಯತೆ ನೋಡದೆ ಹಗೆಯಿಂದ ಮತ ತಡೆಯುವವರನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಕಾರಣ ಕೇಳಬೇಕು' ಎಂಬುದು ಆ ಮಹಾಲೇಖನದ ಸಾರ. ಪತ್ರಿಕೆ ಅಚ್ಚು ಹಾಕಿತು. ವೆರ್ಲಿನ್ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. (ಆಮೇಲೆ ಅದು ಅಲ್ಲಿಂದ ಮಾಯವಾದದ್ದನ್ನು ಅವನು ಗಮನಿಸಲಿಲ್ಲ.)

ಮುಂದಿನ ವಾರ ಕಾಕಸ್. ಅಧ್ಯಕ್ಷ ಪದವಿಗೆ ತಮ್ಮ ಪಕ್ಷದಿಂದ ಯಾರು ನಿಲ್ಲಬೇಕೆಂದು ಹೇಳಲು ಅಯೋವಾದ ಊರೂರಿನ ಜನ ಹಿಮ ತುಳಿದುಕೊಂಡು ಬಂದು ಸೇರುವ ದಿನ. ಗುಟ್ಟಿನ ಮತಪೆಟ್ಟಿಗೆಯ ಮಾತೇ ಇಲ್ಲ. ಶಾಲೆಯ ಜಿಮ್ಮಿನಲ್ಲಿ ಅವರವರ ಅಭ್ಯರ್ಥಿಯ ಮೂಲೆಗೆ ಹೋಗಿ ಎಲ್ಲರ ಕಣ್ಣೆದುರೇ ನಿಲ್ಲಬೇಕು. ನೂರಕ್ಕೆ ಹದಿನೈದು ತಲೆ ಇಲ್ಲದ ಮೂಲೆ ಬರಖಾಸ್ತು.

ಆರ್ಡಿತ್ ಅಭ್ಯರ್ಥಿಗಳಲ್ಲೊಬ್ಬರಾದ ಸೆನೆಟರ್ ಮಾರ್ಕೆಟಿಯ ಕಡೆಯ ಮುಖಂಡಳು. ಬೇಸಿಗೆಯಿಂದ ಮನೆ ಮನೆ ಬಾಗಿಲು ಬಡಿದು ಅವಳ ಬೆರಳ ಗೆಣ್ಣು ದಪ್ಪಗಾಗಿತ್ತು. ಜಿಮ್ಮಿನಲ್ಲಿ ಅರವತ್ತು ಜನ, ಬೇಕಾದದ್ದು ಒಂಬತ್ತು. ಅವಳ ಮೂಲೆಯಲ್ಲಿ ಇದ್ದದ್ದು ಎಂಟು. ಅವಳು ಎರಡು ಸಲ ಎಣಿಸಿದಳು, ತನ್ನನ್ನೂ ಸೇರಿಸಿಕೊಂಡು. ಎಂಟೇ.

ಕಟ್ಟಿಕೊಂಡ ಗಂಡ ಮಾತ್ರ ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ, ಯಾರಿಗೂ ಸೇರದವರ ಜಾಗದಲ್ಲಿ, ಕೈಕಟ್ಟಿ ಒಂಟಿಯಾಗಿ ನಿಂತಿದ್ದ.

"ಬಾರೋ ವೆರ್ಲಿನ್! ಇನ್ನು ಹತ್ತೇ ನಿಮಿಷ ಇರೋದು!"

"ಬರಲ್ಲ."

"ಜೋಳದ ಬೆಲೆ ವಿಷಯದಲ್ಲಿ ಅವರು ಹೇಳೋದು ಸರಿ ಅಂತೀಯ, ಆಸ್ಪತ್ರೆ ವಿಷಯದಲ್ಲೂ ಸರಿ ಅಂತೀಯ. ಮತ್ತೇನು ನಿನ್ನ ರೋಗ?"

"ನನ್ನ ಕಾರಣ ನನಗೆ."

ಆರ್ಡಿತ್ ಕೈಚೀಲಕ್ಕೆ ಕೈ ಹಾಕಿದಳು. ಹೊರಗೆ ಬಂದದ್ದು ಫ್ರಿಜ್ಜಿನ ಬಾಗಿಲಿನಿಂದ ಮಾಯವಾಗಿದ್ದ ಚೂರು. ಇಡೀ ಜಿಮ್ಮಿಗೆ ಕೇಳುವಂತೆ ಓದಿದಳು: "'ಹಗೆಯಿಂದ ಮತ ತಡೆಯುವವರನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಕಾರಣ ಕೇಳಬೇಕು.' ಸಹಿ, ವೆರ್ಲಿನ್ ಹೋಕ್‌ಸ್ಟ್ರಾ. ನಾಲ್ಕಲ್ಲ, ಇಲ್ಲಿ ಅರವತ್ತು ಜನ ಇದ್ದಾರೆ. ಹೇಳಪ್ಪಾ ಕಾರಣ!"

ವೆರ್ಲಿನ್ ಕೆಂಪಗಾದ. ಆದರೆ ಅವನ ಸಿಟ್ಟು ಸತ್ಯವಾದ ಸಿಟ್ಟು; ಆರು ತಿಂಗಳಿಂದ ಒಳಗೇ ಕುದಿಯುತ್ತಿದ್ದದ್ದು.

"ಹೇಳ್ತೀನಿ! ಆಗಸ್ಟಲ್ಲಿ ನಮ್ಮೂರ ಆಟಕ್ಕೆ ಬಂದಿದ್ದರಲ್ಲ ಆಯಮ್ಮ? ಒಂಬತ್ತು ಇನ್ನಿಂಗ್ಸ್ ಆಟ. ಏಳನೇದಕ್ಕೇ ಎದ್ದು ಹೋದ್ರು! ಮೂರು ಮೂರು ಸಮ ಇದ್ದಾಗ! ಆಟ ಮುಗಿಯೋ ತನಕ ಕೂರಕ್ಕೆ ಆಗದೋರು ದೇಶ ಆಳ್ತಾರಂತೆ!"

ಮಾರ್ಕೆಟಿಯ ಎದುರಾಳಿಯಾದ ಗವರ್ನರ್ ಮೂಲೆಯಿಂದ ಯಾರೋ ಚಪ್ಪಾಳೆ ಹೊಡೆದರು. ವೆರ್ಲಿನ್ ಎದೆಯುಬ್ಬಿಸಿದ.

"ಅವರ ಪಕ್ಕದಲ್ಲಿ ಯಾರು ಕೂತಿದ್ರು, ಅದನ್ನೂ ಹೇಳು," ಎಂದಳು ಆರ್ಡಿತ್.

"ನಾನು."

"ಆರು ಇನ್ನಿಂಗ್ಸ್ ಪೂರ್ತಿ ಅವರ ಕಿವೀಲಿ ಏನು ಊದಿದೆ?"

ವೆರ್ಲಿನ್ ಮೇಲಿನ ಬುಟ್ಟಿ ನೋಡಿದ. "ಕೋಲಾರಿಕ್ ವಿಷಯ. ಸ್ವಲ್ಪ."

"ಸ್ವಲ್ಪ! ಪಾಪ, ಅವರಿಗೆ ಒಂದು ಎಸೆತ ನೋಡಕ್ಕೆ ಬಿಡಲಿಲ್ಲ ನೀನು. ತಿಂಡಿ ಅಂಗಡಿ ಹತ್ರ ನನ್ನ ಕೈ ಹಿಡ್ಕೊಂಡು, 'ಆ ಯಜಮಾನರು ಮನೆಗೆ ಹೋದ್ರಾ? ಹೋಗಿದ್ರೆ ವಾಪಸ್ ಬಂದು ಆಟ ನೋಡ್ತೀನಿ' ಅಂದ್ರು. ನಿನ್ನ ಮಾನ ಹೋಗುತ್ತಲ್ಲ ಅಂತ ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ!"

ಜಿಮ್ಮು ಬಿದ್ದು ಬಿದ್ದು ನಕ್ಕಿತು. ವೆರ್ಲಿನ್‌ಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ, ಎಂಟು ಜನರ ನಡುವೆ ಕಣ್ಣು ತುಂಬಿಕೊಂಡು ನಿಂತಿದ್ದ ಹೆಂಡತಿಯನ್ನು ನೋಡಿ ನಾಚಿಕೆಯಾಯಿತು. ಒಂದೇ ಒಂದು ಮತ ಕಡಿಮೆ. ಬೂಟು ಕಿರುಗುಟ್ಟಿಸುತ್ತ ಜಿಮ್ಮು ದಾಟಿ ಹೋಗಿ ಒಂಬತ್ತನೆಯವನಾಗಿ ನಿಂತ.

"ಸೆನೆಟರ್ ಮಾರ್ಕೆಟಿ, ಒಂಬತ್ತು! ಮೂಲೆ ಉಳಿಯಿತು!" ಎಂದು ಸಭಾಧ್ಯಕ್ಷರು ಕೂಗಿದರು. "ಜಿಲ್ಲಾ ಸಮಾವೇಶಕ್ಕೆ ನಿಮಗೊಬ್ಬ ಪ್ರತಿನಿಧಿ. ಯಾರು?"

"ವೆರ್ಲಿನ್," ಎಂದಳು ಆರ್ಡಿತ್, ಮೂಗೊರೆಸಿಕೊಂಡು.

"ನಾನಾ? ಮಾರ್ಚ್ ತಿಂಗಳ ಶನಿವಾರನಾ? ಬೇಸ್‌ಬಾಲ್ ತಾಲೀಮು ಪಂದ್ಯ ಇರುತ್ತಲ್ಲೇ!"

"ಅಲ್ಲಿ ಗವರ್ನರ್ ಕಡೆಯೋರು ನಮಗಿಂತ ಜಾಸ್ತಿ ಇರ್ತಾರೆ. ಎದುರಿಗಿರೋರು ತಾವಾಗೇ ಎದ್ದು ಹೋಗೋ ತನಕ ಮಾತಾಡೋ ಶಕ್ತಿ ನಿನ್ನ ಬಿಟ್ರೆ ಈ ಊರಲ್ಲಿ ಇನ್ಯಾರಿಗಿದೆ?"

ಎಂಟು ಕೈಗಳು ಒಟ್ಟಿಗೆ ಮೇಲೆದ್ದವು. ಕೋಲಾರಿಕ್‌ಗೆ ಜನ್ಮದಲ್ಲಿ ಸಿಗದ ಸರ್ವಾನುಮತ ವೆರ್ಲಿನ್‌ಗೆ ಎರಡು ನಿಮಿಷದಲ್ಲಿ ಸಿಕ್ಕಿತು. ಒಂಬತ್ತನೆಯ ಕೈಯನ್ನು ಆರ್ಡಿತ್ ಮಣಿಕಟ್ಟು ಹಿಡಿದು ತಾನೇ ಮೇಲೆತ್ತಿದಳು.