ಕೈ ಹಿಡಿಯುವ ಅಣು

ಕಿರೀಟಿ ಅಂದು ಪ್ರಯೋಗಾಲಯದ ಬಾಗಿಲು ಮುಚ್ಚಿಕೊಂಡು ಮಾತಾಡಬೇಕಿತ್ತು.

ಕಿರೀಟಿ ಅವನ ನಿಜವಾದ ಹೆಸರಲ್ಲ. ಕಿರೀಟದ ಆಕಾರದ ಒಂದು ಅಣುವಿನ ಹಿಂದೆ ನಾಲ್ಕು ವರ್ಷದಿಂದ ಬಿದ್ದವನಿಗೆ ಸಹೋದ್ಯೋಗಿಗಳು ಕೊಟ್ಟ ಬಿರುದು. ಆ ಅಣುವಿನ ಮೇಲೆ ನೇರಳೆ ದೀಪ ಹಿಡಿದರೆ, ನೀರಿನಲ್ಲಿರುವ ಸೀಸವನ್ನು ತನ್ನ ನಡುವಿನ ಕುಳಿಯಲ್ಲಿ ಕೂರಿಸಿಕೊಂಡು ನೀರನ್ನು ಕೆಂಪಾಗಿಸುತ್ತದೆ. ಟ್ಯೂಬ್‌ಲೈಟ್ ಹಾಕಿದರೆ ಬಿಟ್ಟುಬಿಡುತ್ತದೆ, ಕೆಂಪು ಮಾಯ. ಇದನ್ನು ನೋಡಲು ಅಂದು ಬರಲಿದ್ದವರು ಅವನು ಮದುವೆಯಾಗಬೇಕೆಂದಿದ್ದ ಹುಡುಗಿಯ ಅಪ್ಪ, ನಲ್ಲಿ ಅಂಗಡಿಯ ಯಜಮಾನರು. ಹುಡುಗಿ ಮದುವೆಗೆ ಒಪ್ಪಿಯಾಗಿತ್ತು. ಹುಡುಗ ಮಾಡುವ ಕೆಲಸವನ್ನು ಕಣ್ಣಾರೆ ನೋಡದೆ ತಾವು ಒಪ್ಪುವುದಿಲ್ಲವೆಂದು ಅಪ್ಪ ಪಟ್ಟು ಹಿಡಿದಿದ್ದರು.

"ಮಾವನ ಮುಂದೆ ತಡವರಿಸ್ಬೇಡ. ಎಲ್ಲಿ, ನನ್ನ ಮುಂದೆ ಒಂದ್ಸಲ ಹೇಳು" ಎಂದರು ಪ್ರಯೋಗಾಲಯದ ಸ್ಟೋರ್ ನೋಡಿಕೊಳ್ಳುವ ಅಕ್ಕ. ಊರ ಉಸಾಬರಿಯೆಲ್ಲ ಅವರದೇ.

ಕಿರೀಟಿ ಉತ್ಸಾಹದಿಂದ ಶುರುಮಾಡಿದ. "ಕತ್ತಲೆ ಕೋಣೇಲಿ ಕೈ ಹಿಡಿಯೋದು ಅಕ್ಕ, ಬೆಳಕಿಗೆ ಬಂದ ತಕ್ಷಣ ಕೈ ಕೊಡೋದು. ಆಮೇಲೆ ಇನ್ನೊಂದನ್ನ ಹಿಡಿಯೋದು. ಎಷ್ಟು ಸಲ ಬೇಕಾದ್ರೂ! ಅದೇ ಇದರ ಮಜಾ."

"ಯಾರಪ್ಪ ಅದು, ಕೈ ಕೊಡೋರು?" ಎಂಬ ಧ್ವನಿ ಬಾಗಿಲಿನಿಂದ ಬಂತು. ಯಜಮಾನರು ಚೀಲ ಹಿಡಿದು ನಿಂತಿದ್ದರು.

ಅಕ್ಕ ನೆರವಿಗೆ ಧಾವಿಸಿದರು. "ಅಯ್ಯೋ, ಹುಡುಗ ಚಿನ್ನದಂಥೋನು ಯಜಮಾನ್ರೇ! ಇಷ್ಟು ವರ್ಷದಲ್ಲಿ ಒಂದ್ಸಲಾನೂ ಸಿಕ್ಕಿಬಿದ್ದಿಲ್ಲ."

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಕೈ ಹಿಡಿಯುವುದು ಅಣು, ಕೈ ಕೊಡುವುದೂ ಅಣು, ತಾನಲ್ಲ ಎಂದು ಚಿತ್ರ ಬರೆದು ಒಪ್ಪಿಸುವಷ್ಟರಲ್ಲಿ ಕಿರೀಟಿಯ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಕೊನೆಗೆ ಯಜಮಾನರು ಚೀಲದಿಂದ ಒಂದು ಬಾಟಲಿ ತೆಗೆದರು.

"ಹೊಸ ಹಿತ್ತಾಳೆ ನಲ್ಲಿ ನೆನೆಹಾಕಿದ ನೀರು. ಸೀಸ ಇದೆಯಾ ನೋಡಿ ಹೇಳಪ್ಪ."

ಕಿರೀಟಿ ದೀಪವಾರಿಸಿ, ಆ ನೀರಿಗೆ ತನ್ನ ದ್ರಾವಣ ಬೆರೆಸಿ, ನೇರಳೆ ದೀಪ ಹಿಡಿದ. ನೀರು ಗುಲಾಬಿಯಾಯಿತು, ಆಮೇಲೆ ಕೆಂಪೇರತೊಡಗಿತು. ಭಾವೀ ಮಾವನ ನಲ್ಲಿಯಲ್ಲಿ ಸೀಸ! ವಿಜ್ಞಾನವೇನೋ ಎಲ್ಲಿಗೂ ಓಡಿಹೋಗುವುದಿಲ್ಲ, ಹುಡುಗಿ ಕೈತಪ್ಪಿದರೆ? ಪುಣ್ಯಕ್ಕೆ ಯಜಮಾನರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವನು ಪಟ್ಟನೆ ಟ್ಯೂಬ್‌ಲೈಟ್ ಹಾಕಿದ. ಅವರು ಕನ್ನಡಕ ಏರಿಸುವಷ್ಟರಲ್ಲಿ ನೀರು ತಿಳಿಯಾಗಿತ್ತು.

"ಸೀಸ ಒಂಚೂರೂ ಇಲ್ಲ ಮಾವ. ನಿಮ್ಮ ನಲ್ಲಿ ಅಪ್ಪಟ!"

"ನನ್ನ ನಲ್ಲಿ ಅಂತ ಯಾರು ಹೇಳಿದ್ದು? ಇದು ಎದುರಂಗಡಿಯವನ ಮಾಲು. ಸೀಸ ಇದೆ ಅಂತ ಆಗ್ಲೇ ಬೇರೆ ಕಡೆ ಪರೀಕ್ಷೆ ಮಾಡ್ಸಿದೀನಿ. ನಿನ್ನ ಕೆಲಸ ಎಷ್ಟು ಗಟ್ಟಿ ಅಂತ ನೋಡೋಣ ಅಂತ್ಲೇ ತಂದೆ."

"ತಾಳಿ ಮಾವ, ಒಂದೇ ನಿಮಿಷ! ಈಗ ಕೆಂಪಾಗುತ್ತೆ!" ಕಿರೀಟಿ ಓಡಿಹೋಗಿ ಟ್ಯೂಬ್‌ಲೈಟ್ ಆರಿಸಿದ. ನೇರಳೆ ದೀಪದಡಿ ಅಣು ಒಂದಿಷ್ಟೂ ತಪ್ಪದೆ ತನ್ನ ಕೆಲಸ ಮಾಡಿತು. ನೀರು ರಕ್ತದಷ್ಟು ಕೆಂಪಾಯಿತು.

ಯಜಮಾನರು ನೀರನ್ನು ನೋಡಿದರು, ಅವನನ್ನು ನೋಡಿದರು. "ನಾನು ಹೇಳೋಕ್ ಮುಂಚೆ ತಿಳಿ, ಹೇಳಿದ್ಮೇಲೆ ಕೆಂಪು. ಇದನ್ನ ಕಂಡುಹಿಡಿಯೋಕೆ ನಾಲ್ಕು ವರ್ಷ ಬೇಕಾಯ್ತೇನಪ್ಪ?"

ಅಕ್ಕ ಮತ್ತೆ ನೆರವಿಗೆ ಬಂದರು. "ಹುಡುಗ ತುಂಬಾ ಹೊಂದ್ಕೊಂಡು ಹೋಗೋನು ಯಜಮಾನ್ರೇ" ಎಂದರು.

"ಗೊತ್ತಾಯ್ತಮ್ಮ" ಎಂದು ಯಜಮಾನರು ಚೀಲ ಎತ್ತಿಕೊಂಡು ಹೊರಟರು.