ಮಡಿಕೆಯೊಳಗಿನ ಐವರು ಹೆಂಗಸರು

ಪುರಭವನದ ಬೆಕ್ಕು ಇಲಿಯ ಹಿಂದೆ ಜಿಗಿದು ಪಟದ ಗಾಜು ಒಡೆಯದೇ ಹೋಗಿದ್ದರೆ ಆ ಐವರು ಹೆಂಗಸರು ಇನ್ನೂ ನೂರು ವರ್ಷ ಗೋಡೆಗೆ ಮುಖ ಒತ್ತಿಕೊಂಡೇ ಇರುತ್ತಿದ್ದರು. ಒಂದು ಬೆಕ್ಕಿಗೆ ಇದ್ದ ಕಾಳಜಿ ಊರಿನ ದೊಡ್ಡವರಿಗೆ ಇರಲಿಲ್ಲವೆಂದಾಯಿತು.

ಒಡೆದ ಪಟವನ್ನು ಬೆಳಿಗ್ಗೆ ಒಂಬತ್ತಕ್ಕೆ ಪುರಭವನದ ಗುಮಾಸ್ತರೇ ಮೊಳೆಯಣ್ಣನ ಅಂಗಡಿಗೆ ತಂದಿಟ್ಟರು. ಪಟಗಳಿಗೆ ಕಟ್ಟು ಹಾಕುವುದು ಅವನ ಕಸುಬು. ಸಣ್ಣ ಮೊಳೆಗಳನ್ನು ಸದಾ ತುಟಿಗಳ ನಡುವೆ ಕಚ್ಚಿಕೊಂಡಿರುತ್ತಿದ್ದುದರಿಂದ ಆ ಹೆಸರು. ಮೂವತ್ತು ವರ್ಷಗಳಲ್ಲಿ ಅವನು ಸಿಟ್ಟಾದದ್ದನ್ನು ಬೀದಿ ಕಂಡಿರಲಿಲ್ಲ. ಬಾಯಿ ತುಂಬ ಮೊಳೆ ಇಟ್ಟುಕೊಂಡವನು ಬೈಯುವುದಾದರೂ ಹೇಗೆ?

ಹೆರಿಗೆ ಆಸ್ಪತ್ರೆಗೆ ಇವತ್ತು ನೂರು ತುಂಬುತ್ತದೆ, ನಾಲ್ಕು ಗಂಟೆಗೆ ಸಮಾರಂಭ, ಅಷ್ಟರೊಳಗೆ ಸಂಸ್ಥಾಪಕರ ಪಟ ಗೋಡೆಯ ಮೇಲಿರಬೇಕು, ಗಾಜು ಬದಲಿಸು, ಬೇರೇನನ್ನೂ ಮುಟ್ಟಬೇಡ ಎಂದು ಹೇಳಿ ಗುಮಾಸ್ತರು ಹೋದರು.

ಪಟದಲ್ಲಿ ಏಳು ಮಂದಿ ಗಂಡಸರು ಕುರ್ಚಿಗಳಲ್ಲಿ ಕೂತಿದ್ದರು. ಏಳು ಮೀಸೆ, ಏಳು ಊರುಗೋಲು. ಊರಿನ ಹೆರಿಗೆ ನೋವನ್ನೆಲ್ಲ ತಾವೇ ತಿಂದವರ ಹಾಗೆ ಮುಖ.

ಹಿಂದಿನ ಹಲಗೆ ಬಿಚ್ಚಿದಾಗ ಹಾಳೆ ಒಂದು ಕಡೆ ದಪ್ಪವಾಗಿತ್ತು. ಯಾರೋ ಪುಣ್ಯಾತ್ಮ ಅದರ ಬಲಭಾಗವನ್ನು ಹಿಂದಕ್ಕೆ ಮಡಿಚಿ ಒಳಗೆ ತುರುಕಿದ್ದ. ಮೊಳೆಯಣ್ಣನಿಗೆ ಮೊದಲು ಬಂದದ್ದು ಕಸುಬಿನ ಸಿಟ್ಟು. ಕಟ್ಟು ಚಿಕ್ಕದಾದರೆ ಕಟ್ಟು ಬದಲಿಸಬೇಕು. ಚಪ್ಪಲಿ ಹಿಡಿಸಲಿಲ್ಲವೆಂದು ಯಾರಾದರೂ ಬೆರಳು ಕತ್ತರಿಸುತ್ತಾರೆಯೇ? ಹಬೆ ತೋರಿಸಿ, ಕೂಸಿನ ಮುಷ್ಟಿ ಬಿಡಿಸುವ ಹಾಗೆ ಮೆಲ್ಲಗೆ ಮಡಿಕೆ ಬಿಡಿಸಿದ.

ಒಳಗಿನಿಂದ ಐವರು ಹೆಂಗಸರು ಎದ್ದು ನಿಂತರು. ಅವರ ಹಿಂದೆ ಬಟ್ಟೆಗೆ ಬಣ್ಣ ಹಾಕುವ ಬಾನಿಗಳ ಸಾಲು. ಮೊಣಕೈವರೆಗೆ ಬಣ್ಣ ಕುಡಿದು ಕಪ್ಪಾದ ಕೈಗಳು. ಇಬ್ಬರ ತೋಳಲ್ಲಿ ಹಸುಗೂಸು. ಹಾಳೆಯ ಹಿಂಬದಿಯಲ್ಲಿ ಏಳು ಗಂಡಸರ ಹೆಸರು, ಹುದ್ದೆ, ಬಿರುದು, ಅವರ ಅಪ್ಪಂದಿರ ಹೆಸರು ಕೂಡ ಇತ್ತು. ಸಾಲಿನ ಕೊನೆಯಲ್ಲಿ ಎರಡೇ ಪದ: ಮತ್ತು ಹೆಂಗಸರು.

ಮೊಳೆಯಣ್ಣ ಬಾಯಿಂದ ಮೊಳೆಗಳನ್ನು ತೆಗೆದ.

ಎದುರಿನ ದರ್ಜಿಯ ಮೆಟ್ಟಿಲ ಮೇಲೆ ಕೂತು ಅಂಗಿಗಳಿಗೆ ಕಾಜಾ ಹೊಲಿಯುವ ಮುದುಕಿಯನ್ನು ಬೀದಿಯವರು ಬುರುಡೆಯಜ್ಜಿ ಎನ್ನುತ್ತಿದ್ದರು. ಬಣ್ಣಗಾರರ ಕೇರಿಯವರಲ್ಲಿ ಉಳಿದವಳು ಅವಳೊಬ್ಬಳೇ, ಕೇರಿಯೇ ಈಗಿಲ್ಲ. ಆಸ್ಪತ್ರೆ ನಿಂತಿರುವುದು ನಮ್ಮ ಬಣ್ಣದ ಅಂಗಳದ ಮೇಲೆ, ಅಂಗಳ ಬಿಟ್ಟುಕೊಟ್ಟದ್ದು ನಮ್ಮಜ್ಜಿ ಮತ್ತವಳ ಜೊತೆಗಾತಿಯರು, ಹೆರಿಗೆ ಮಾಡಿಸಿ ಊರಿನ ಕೂಸುಗಳನ್ನು ಹಿಡಿದದ್ದೂ ಅವರೇ, ಡಾಕ್ಟರು ಬರುತ್ತಿದ್ದುದು ತಿಂಗಳಿಗೊಮ್ಮೆ ರುಜು ಹಾಕಲಿಕ್ಕೆ ಎಂದು ಅರವತ್ತು ವರ್ಷದಿಂದ ಹೇಳುತ್ತಿದ್ದಳು. ಅರವತ್ತು ವರ್ಷದಿಂದ ಬೀದಿ ನಗುತ್ತಿತ್ತು. ಹೆರಿಗೆಗೆ ಕರೆದರೂ ಹಿತ್ತಲ ಬಾಗಿಲಿಂದ ಬಂದು ಹಿತ್ತಲ ಬಾಗಿಲಿಂದಲೇ ಹೋಗಬೇಕಿದ್ದ ಕೇರಿಯವರು ಆಸ್ಪತ್ರೆ ಕಟ್ಟುವುದುಂಟೇ?

ಮೊಳೆಯಣ್ಣ ಅಜ್ಜಿಯನ್ನು ಕೈಹಿಡಿದು ಅಂಗಡಿಯೊಳಗೆ ಕರೆತಂದ. ಅವಳು ಅಳಲಿಲ್ಲ. ಊಟಕ್ಕೆ ಕರೆಯುವವಳಂತೆ ಐವರನ್ನೂ ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದಳು.

“ಎರಡನೆಯವಳು ನಮ್ಮಜ್ಜಿ. ಮೂಗು ನೋಡು, ನನ್ನದೇ,” ಎಂದಳು. ಆಮೇಲೆ ಬೀದಿಯ ಕಡೆ ತಿರುಗಿದಳು. “ನನಗೇನೂ ಬೇಡ ಮಗಾ. ಸಾಯೋ ಮುಂಚೆ ಈ ಬೀದಿಯೋರು ಇದನ್ನ ಒಂದು ಸಲ ಕಣ್ಣಾರೆ ನೋಡ್ಲಿ, ಸಾಕು.”

ಆಗಲೇ ಬೀದಿಯನ್ನು ಕೂಗಿ ತೋರಿಸಿಬಿಡಬಹುದಿತ್ತು. ಆದರೆ ಕಟ್ಟು ಹಾಕದ ಪಟವನ್ನು ಹೊರಗಿನವರಿಗೆ ತೋರಿಸಬಾರದೆಂಬುದು ಅವನ ಕಸುಬಿನ ನೇಮ. ಚಿತ್ರ ತೆಗೆದಿಡೋಣವೆಂದರೆ ಅವನ ಫೋನು ಬರೀ ಗುಂಡಿಗಳದ್ದು, ಅದಕ್ಕೆ ಕಿವಿ ಇತ್ತು, ಕಣ್ಣಿರಲಿಲ್ಲ.

“ಹೀಗೆ ಬೇಡ ಅಜ್ಜಿ,” ಎಂದ. “ಗಾಜಿನೊಳಗೆ, ಪುರಭವನದಲ್ಲಿ, ಎಲ್ಲರ ಎದುರಿಗೆ ನೋಡ್ಲಿ. ಆಮೇಲೆ ಯಾರು ಬುರುಡೆ ಅಂತಾರೋ ನಾನೂ ನೋಡ್ತೀನಿ.”

ಇನ್ನೂ ದೊಡ್ಡ ಕಟ್ಟು ಬೇಕೆಂದು ಮೊಳೆಯಣ್ಣ ಫೋನಿನಲ್ಲಿ ಸುದ್ದಿ ಹೇಳಿದ್ದೇ ಗುಮಾಸ್ತರು ಓಡಿ ಬಂದರು. ಆಮಂತ್ರಣದಲ್ಲಿ ಸಂಸ್ಥಾಪಕರು ಏಳು ಮಂದಿ ಎಂದು ಅಚ್ಚಾಗಿತ್ತಂತೆ, ಏಳು ಮಂದಿಯ ಮೊಮ್ಮಕ್ಕಳಿಗೆ ಏಳು ಶಾಲು ಬಂದಿದ್ದವಂತೆ. ಗೋಡೆಯಲ್ಲಿ ಗಡಿಯಾರಕ್ಕೂ ಸೂಚನಾ ಫಲಕಕ್ಕೂ ನಡುವೆ ಇದ್ದ ಜಾಗವೂ ಏಳೇ ಮಂದಿಯದ್ದು.

“ಹೇಗಿತ್ತೋ ಹಾಗೆ ಮಡಿಚಿಡು,” ಎಂದರು. “ಅವರೇನು ಬಂದು ಕೇಳ್ತಾರಾ?”

ಮೊಳೆಯಣ್ಣ ಉತ್ತರ ಕೊಡಲು ಬಾಯಿ ತೆರೆದ. ಅಭ್ಯಾಸಬಲದಿಂದ ಮತ್ತೆ ಕಚ್ಚಿಕೊಂಡಿದ್ದ ನಾಲ್ಕು ಮೊಳೆಗಳು ಮಾತಿಗಿಂತ ಮುಂಚೆ ಹೊರಟು ಗುಮಾಸ್ತರ ಅಂಗಿಗೆ ಬಡಿದವು. ಮಾತು ಅದರ ಹಿಂದೆಯೇ ಬಂತು. ಮೂವತ್ತು ವರ್ಷ ತುಟಿಯ ಹಿಂದೆ ತುಕ್ಕು ಹಿಡಿಯುತ್ತಿದ್ದ ಮಾತು, ಮೊಳೆಗಿಂತ ಚೂಪಾಗಿತ್ತು. ಗುಮಾಸ್ತರು ಅಂಗಿ ಕೊಡವಿಕೊಂಡು ಹಿಂದೆ ಹಿಂದೆ ನಡೆದೇ ಬೀದಿ ಸೇರಿದರು.

ಗದ್ದಲಕ್ಕೆ ನೆರೆಯವರು ನೆರೆದರು. ಪಟ ಆಗಲೇ ಕಂದು ಕಾಗದದಡಿ ಅಡಗಿತ್ತು, ಆದರೆ ನೋಡದ ವಸ್ತುವಿನ ಬಗ್ಗೆ ಬುದ್ಧಿ ಹೇಳಲು ನೆರೆಯವರಿಗೆ ಯಾವತ್ತು ಅಡ್ಡಿಯಾಗಿದೆ? ಅಂಚು ಮಡಿಚುವುದರಲ್ಲಿ ತಪ್ಪೇನು, ನಾನು ದಿನಕ್ಕೆ ಇಪ್ಪತ್ತು ಮಡಿಚುತ್ತೇನೆ ಎಂದ ದರ್ಜಿ. ಔಷಧಿ ಅಂಗಡಿಯವನು ಇನ್ನೂ ಜಾಣ: ಕತ್ತರಿಸಿ ಎರಡು ಪಟ ಮಾಡು, ಹೆಂಗಸರದ್ದನ್ನು ಕೈತೊಳೆಯುವ ಜಾಗದಲ್ಲಿ ಹಾಕಿದರೆ ಎಲ್ಲರೂ ನೋಡುತ್ತಾರೆ. ಅಜ್ಜಿಯ ಬುರುಡೆ ಇವನ ತಲೆಗೂ ಏರಿತೆಂದು ನಕ್ಕವನೂ ಅವನೇ.

ಹನ್ನೆರಡು ಮಂದಿ ಹಿಡಿಯುವಷ್ಟು ಉದ್ದದ ಕಟ್ಟಿನ ಮರದ ಪಟ್ಟಿ ಅಂಗಡಿಯಲ್ಲಿದ್ದದ್ದು ಒಂದೇ, ಬಂಗಾರದ ಬಣ್ಣದ, ತೋಳಿನಷ್ಟು ದಪ್ಪದ್ದು. ಮೊಳೆಯಣ್ಣ ಅದನ್ನೇ ಕೊಯ್ದ. ಮೂರು ಗಂಟೆಗೆ ಕಟ್ಟು ಮುಗಿದಾಗ ಅದು ಯಾವ ಗಾಡಿಯೊಳಗೂ ಹೋಗಲಿಲ್ಲ. ಕಂದು ಕಾಗದ ಸುತ್ತಿ ದರ್ಜಿಯೂ ಅವನೂ ಎರಡು ತುದಿ ಹೊತ್ತು ನಡೆದರು. ಯಾರ ಹೆಣ ಎಂದು ದಾರಿಯಲ್ಲಿ ಇಬ್ಬರು ಕೇಳಿದರು. ಪುರಭವನದ ಬಾಗಿಲಲ್ಲಿ ದರ್ಜಿಗೆ ಗಿರಾಕಿಯ ಪ್ಯಾಂಟು ನೆನಪಾಯಿತು. ಕಾಗದ ಬಿಚ್ಚುವ ಮೊದಲೇ ಅವನು ಮರಳಿ ಓಡಿದ.

ಬಾಗಿಲಿಗೆ ಅಡ್ಡವಾಗಿ ಗುಮಾಸ್ತರು ನಿಂತಿದ್ದರು. ಜಗಳ ಶುರುವಾಗುವಷ್ಟರಲ್ಲಿ ಪುರಸಭೆಯ ಅಧ್ಯಕ್ಷರ ಸವಾರಿ ಬಂತು. ಅಧ್ಯಕ್ಷರು ಪಟದೊಳಗೆ ಯಾರಿದ್ದಾರೆಂದು ನೋಡಲಿಲ್ಲ, ಬಂಗಾರದ ಕಟ್ಟನ್ನು ನೋಡಿದರು. ಭೇಷ್, ನೂರು ವರ್ಷಕ್ಕೆ ತಕ್ಕದ್ದು ಎಂದರು. ಗುಮಾಸ್ತರ ನಾಲಗೆ ಅಲ್ಲೇ ಮಡಿಚಿಕೊಂಡಿತು.

ಗೋಡೆಯ ಮೊಳೆ ಆ ಭಾರ ತಡೆಯದೆ ಅಂಗೈ ಅಗಲದ ಗಾರೆಯ ಸಮೇತ ಕಿತ್ತು ಬಂತು. ಹಾಗಾಗಿ ಪಟವನ್ನು ವೇದಿಕೆಯಲ್ಲಿ ಎರಡು ಕುರ್ಚಿಗಳ ಮೇಲೆ ಒರಗಿಸಿದರು. ದೂರ ಕೂತ ಸಭೆಗೆ ಕಂಡದ್ದು ಬಂಗಾರದ ಮಿರುಗು ಮಾತ್ರ. ಏಳು ಶಾಲು ಏಳು ಹೆಗಲು ಸೇರಿದವು. ಐವರ ಹೆಸರನ್ನು ಯಾರೂ ಹೇಳಲಿಲ್ಲ. ಮೊಳೆಯಣ್ಣ ಹಲ್ಲು ಕಚ್ಚಿ ಕೂತ. ಹೇಳದಿದ್ದರೆ ಬೇಡ, ಪತ್ರಿಕೆಯವನು ಚಿತ್ರ ತೆಗೆಯುತ್ತಾನಲ್ಲ, ಬೀದಿ ನೋಡುತ್ತದಲ್ಲ.

ಪತ್ರಿಕೆಯವನು ತೆಗೆದ. ಪಟದ ಏಳು ಗಂಡಸರ ತುದಿಗೆ ಅಧ್ಯಕ್ಷರನ್ನು ನಿಲ್ಲಿಸಿದ. ಇನ್ನೊಂದು ತುದಿ ಬೋಳಾಗಿ ಕಾಣುತ್ತದೆಂದು ಅಷ್ಟು ಚಂದದ ಕಟ್ಟು ಹಾಕಿದವನನ್ನೇ ಕರೆದ. ಜೀವಮಾನದಲ್ಲಿ ಮೊಳೆಯಣ್ಣನನ್ನು ಯಾರೂ ವೇದಿಕೆಗೆ ಕರೆದಿರಲಿಲ್ಲ.

“ಸ್ವಲ್ಪ ಒಳಗೆ ಬನ್ನಿ ಅಣ್ಣಾ. ಇನ್ನೂ ಸ್ವಲ್ಪ. ಹಾಂ, ಈಗ ನಗಿ.”

ಬೆಳಿಗ್ಗೆಯಿಂದ ಉರಿಯುತ್ತಿದ್ದ ಮುಖದಲ್ಲಿ ಅದೆಲ್ಲಿಂದಲೋ ಒಂದು ನಗು ಬಂತು.

ಸಭೆ ಮುಗಿಯಿತು. ಗಾರೆ ಕೆಲಸ ಆಗುವವರೆಗೆ ಇರಲಿ ಎಂದು ಗುಮಾಸ್ತರು ಪಟವನ್ನು ಉಗ್ರಾಣದಲ್ಲಿ ಗೋಡೆಗೆ ಮುಖ ಮಾಡಿ ಇಡಿಸಿ ಬೀಗ ಹಾಕಿದರು. ಗಾರೆ ಕೆಲಸ ಯಾವಾಗ ಎಂದು ಕೇಳಿದ್ದಕ್ಕೆ, ಅರ್ಜಿ ಕೊಡು ಎಂದರು.

ಅವನು ಬೀದಿ ಮುಟ್ಟುವ ಮೊದಲೇ ಚಿತ್ರ ಎಲ್ಲರ ಫೋನು ಮುಟ್ಟಿತ್ತು. ದರ್ಜಿಯ ಮೆಟ್ಟಿಲ ಸುತ್ತ ಜನ. ನಡುವೆ ಅಜ್ಜಿ, ದರ್ಜಿಯ ಫೋನನ್ನು ಮೂಗಿಗೆ ಹಿಡಿದುಕೊಂಡು. ಮೊಳೆಯಣ್ಣ ಬಗ್ಗಿ ನೋಡಿದ.

ಅಧ್ಯಕ್ಷರು. ಏಳು ಗಂಡಸರು. ಮತ್ತೆ ಮೊಳೆಯಣ್ಣ, ಕಿವಿಯಿಂದ ಕಿವಿಗೆ ನಗುತ್ತ, ಬಾಗಿಲಿನಷ್ಟು ಅಗಲವಾಗಿ. ಐವರು ಹೆಂಗಸರೂ ಎಲ್ಲ ಬಾನಿಗಳೂ ಅವನ ಬೆನ್ನ ಹಿಂದೆ ಮರೆ. ಅವನ ಸೊಂಟದ ಪಕ್ಕದಲ್ಲಿ ಒಂದು ಕಪ್ಪು ಕೈ ಮಾತ್ರ ಇಣುಕುತ್ತಿತ್ತು.

“ಎಲ್ಲಪ್ಪ ನಿನ್ನ ಹೆಂಗಸರು?” ಎಂದ ಔಷಧಿ ಅಂಗಡಿಯವನು. ಚಿತ್ರ ಹಿಗ್ಗಿಸಿ ನೋಡಿ, “ಏನು ಮೊಳೆಯಣ್ಣ, ನಿನಗೆ ಮೂರು ಕೈಯಾ?”

“ಅದು ನಮ್ಮಜ್ಜಿ ಕೈ,” ಎಂದಳು ಅಜ್ಜಿ.

ಬೀದಿ ಹೊಟ್ಟೆ ಹಿಡಿದು ನಕ್ಕಿತು. ನಾನು ನೋಡಿದ್ದೀನಿ, ಐವರಿದ್ದರು, ಬಾನಿಗಳಿದ್ದವು, ಉಗ್ರಾಣದಲ್ಲಿದೆ, ಬೀಗ ಹಾಕಿದ್ದಾರೆ ಎಂದು ಮೊಳೆಯಣ್ಣ ಕಿರುಚಿದ. ಕಿರುಚಿದಷ್ಟೂ ನಗು ಏರಿತು.

ಅಜ್ಜಿ ಫೋನನ್ನು ದರ್ಜಿಗೆ ಕೊಟ್ಟಳು. ಹೊಲಿಯುತ್ತಿದ್ದ ಅಂಗಿಯನ್ನು ಎಳೆದುಕೊಂಡು, ಮೆಟ್ಟಿಲ ಮೇಲೆ ಒಂದು ಗೇಣು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಕೂತ್ಕೋ ಮಗಾ,” ಎಂದಳು. “ಮೊದಲನೇ ದಿನ ಹೀಗೇ ಸಿಟ್ಟು ಬರುತ್ತೆ.”